ಎಂಟು ತಿಂಗಳ ಪತ್ರಿಕೆ

ಬಂದರಿನ ದಕ್ಕೆಯಲ್ಲಿ ಬೆಳಗಿನ ಐದೂವರೆಗೆ ನಿಂತರೆ ಮಾತು ಕೇಳಿಸುವುದಿಲ್ಲ. ದೋಣಿಯ ಇಂಜಿನ್ನು, ಮಂಜುಗಡ್ಡೆ ಪುಡಿ ಮಾಡುವ ಯಂತ್ರ, ಹರಾಜು ಕೂಗುವವರ ಗಂಟಲು, ಇವುಗಳ ನಡುವೆ ಕೈಸನ್ನೆಯೇ ಭಾಷೆ. ಹೋದ ವರ್ಷ ನಾವು ನಾಲ್ವರು ಗೆಳೆಯರು ಇಲ್ಲಿಯೇ ಒಂದು ಯೂಟ್ಯೂಬ್ ವಾಹಿನಿ ಶುರು ಮಾಡಿದ್ದೆವು. ಹಳೆ ಬಂದರಿನ ಕತೆ ಹೇಳುತ್ತೇವೆ ಎಂಬ ಹುಮ್ಮಸ್ಸು. ಏಳು ವೀಡಿಯೊ ಹಾಕಿದೆವು. ಕೊನೆಯದನ್ನು ನೋಡಿದವರು ಬಹುಪಾಲು ನಮ್ಮ ಮನೆಯವರೇ. ಎಂಟನೆಯದು ಬರಲೇ ಇಲ್ಲ. ಒಬ್ಬ ಬೆಂಗಳೂರಿಗೆ ಹೋದ, ಇನ್ನೊಬ್ಬನಿಗೆ ಪರೀಕ್ಷೆ, ಮೂರನೆಯವಳು ಫೋನ್ ಎತ್ತುವುದನ್ನೇ ಬಿಟ್ಟಳು. ಸೋತದ್ದಕ್ಕಿಂತ, ಸೋತೆವು ಎಂದು ಯಾರೂ ಬಾಯಿ ಬಿಟ್ಟು ಹೇಳದೆ ಸುಮ್ಮನಾದದ್ದು ನನಗೆ ಹೆಚ್ಚು ಕಿರಿಕಿರಿ ಮಾಡಿತು.

ಆ ಹೊತ್ತಿಗೆ ಜುಲೈ 1 ಬಂತು. ಕಾಲೇಜಿನಲ್ಲಿ ಪತ್ರಿಕಾ ದಿನಾಚರಣೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ನಮ್ಮ ಊರಿನಿಂದಲೇ ಹೊರಟಿತು, ಅದರ ಸಂಪಾದಕರು ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ ಎಂದು ಭಾಷಣವಾಯಿತು, ಚಪ್ಪಾಳೆಯಾಯಿತು. ಆ ಪತ್ರಿಕೆ ಈ ಊರಿನಲ್ಲಿ ನಡೆದದ್ದು ಎಂಟೇ ತಿಂಗಳು ಎಂಬುದು ಭಾಷಣದಲ್ಲಿ ಬರಲಿಲ್ಲ. ನನಗೆ ಗೊತ್ತಾದದ್ದು ಆಮೇಲೆ, ಗ್ರಂಥಾಲಯದಲ್ಲಿ. ನಿಜ ಹೇಳಬೇಕೆಂದರೆ ನನಗೆ ಒಂದು ಬಗೆಯ ಸಮಾಧಾನವಾಯಿತು. ಅದಕ್ಕೇ ಮುಂದೆ ಓದಿದೆ.

ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯುಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದರು. ಅಲ್ಲಿ ಅವರಿಗೆ ಸಿಕ್ಕ ಗೆಳೆಯರಲ್ಲಿ ಒಬ್ಬರು ಹರ್ಮನ್ ಗುಂಡರ್ಟ್. ಮಲಯಾಳಂ ನಿಘಂಟು ಮಾಡಿದ ಅದೇ ಗುಂಡರ್ಟ್. ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆಯ ಅಜ್ಜ. ಆ ಸೀಮೆಯಲ್ಲಿ ಆಗ ಭಕ್ತಿಪಂಥದ ಅಲೆ ಬಲವಾಗಿತ್ತು. ಸಭೆಗೆ ಹೋಗಿ ಬಂದರೆ ಸಾಲದು, ದಿನದ ಕೊನೆಗೆ ತನ್ನ ತಪ್ಪನ್ನು ತಾನೇ ಎಣಿಸಬೇಕು, ದಿನಚರಿ ಬರೆಯಬೇಕು, ದೇವರ ಮುಂದೆ ಮುಚ್ಚುಮರೆಯಿಲ್ಲದೆ ನಿಲ್ಲಬೇಕು ಎಂಬುದು ಅದರ ಶಿಸ್ತು. ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ನಿನ ಮೊದಲ ಮೂವರು, ಅಂದರೆ ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿಳಿದಿದ್ದರು. 1833ರ ಸನದಿನ ಕಾಯಿದೆಯಿಂದಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಸರ್ಕಾರದ ನೆಲ ತೆರೆದುಕೊಂಡಿತ್ತು. ಮೊಗ್ಲಿಂಗ್ ಬಂದದ್ದು ಎರಡು ವರ್ಷ ತಡವಾಗಿ, 1836ರ ಡಿಸೆಂಬರಿನಲ್ಲಿ. ಆಗ ಪಣಂಬೂರಿನ ಬಂದರು ಎಲ್ಲಿಂದ ಬರಬೇಕು? ದೊಡ್ಡ ಹಡಗು ಅಳಿವೆಯ ಹೊರಗೇ ಲಂಗರು ಹಾಕಬೇಕು, ಜನ ಮತ್ತು ಸಾಮಾನು ಸಣ್ಣ ದೋಣಿಗಳಲ್ಲಿ ಮರಳದಿಣ್ಣೆ ದಾಟಿ ನದಿಯೊಳಗೆ ಬರಬೇಕು. ಈಗಲೂ ಬೆಂಗ್ರೆಯ ಕಡೆ ಮುಖ ಮಾಡಿ ನಿಂತರೆ ಆ ದಾರಿ ಕಾಣುತ್ತದೆ. ಇಪ್ಪತ್ತೈದು ವರ್ಷದ ಒಬ್ಬ ಪದವೀಧರ ಈ ನೀರಿನ ಮೇಲೆ ತೂಗಾಡುತ್ತ ದಡ ನೋಡಿದ್ದನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ನನಗಿಂತ ನಾಲ್ಕೇ ವರ್ಷ ದೊಡ್ಡವರು.

ಬಂದವರು ಕನ್ನಡ ಕಲಿತರು, ಬೇಗ ಕಲಿತರು. ಮತ್ತೆ ಎಲ್ಲವೂ ಬೇಗ ಆಗಬೇಕು ಎನ್ನುವ ಸ್ವಭಾವ. ಆ ಅವಸರವೇ ಅವರನ್ನು ಮೊದಲ ದೊಡ್ಡ ಸೋಲಿಗೆ ಕರೆದೊಯ್ದದ್ದು.

ಉತ್ತರ ಕರ್ನಾಟಕದ ಹುಬ್ಬಳ್ಳಿ, ಧಾರವಾಡ, ಗದಗ ಸೀಮೆಯಲ್ಲಿ ಕಾಲಜ್ಞಾನವನ್ನು ನಂಬುವ ಜನರ ಗುಂಪುಗಳಿದ್ದವು. ಕಾಲಜ್ಞಾನ ಎಂದರೆ ನಮಗೆ ಗೊತ್ತಿರುವುದೇ: ಮುಂದೆ ಏನೇನು ನಡೆಯುತ್ತದೆ, ಯಾರು ಬರುತ್ತಾರೆ, ಲೋಕ ಹೇಗೆ ತಿರುಗಿಬೀಳುತ್ತದೆ ಎಂದು ಹೇಳುವ ಶರಣಪರಂಪರೆಯ ವಚನಗಳು. 1839ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ಮಿಶನ್ ನೆಲೆ ಶುರುವಾದ ಹೊತ್ತಿನಲ್ಲಿ ಇವರಲ್ಲಿ ಕೆಲವರು ಮಿಶನರಿಗಳ ಬಳಿ ಬಂದರು. ಪರದೇಶದಿಂದ ಗುರುಗಳು ಬರುತ್ತಾರೆ ಎಂದು ನಮ್ಮ ಗ್ರಂಥದಲ್ಲೇ ಇದೆ, ಅವರು ನೀವೇ ಇರಬೇಕು ಎಂಬ ಅರ್ಥದ ಮಾತಾಡಿದರು. ಮೊಗ್ಲಿಂಗ್‌ರಿಗೆ ಇದು ಆಕಾಶವೇ ಇಳಿದು ಬಂದಂತಾಯಿತು. ಒಬ್ಬೊಬ್ಬರಲ್ಲ, ಊರಿಗೆ ಊರೇ ಬರುತ್ತದೆ ಎಂದು ನಂಬಿದರು. 1841ರಲ್ಲಿ ಗದಗದ ಬಳಿಯ ಮಲ್ಲಸಮುದ್ರದಲ್ಲಿ ನೆಲೆ ತೆರೆಯಲಾಯಿತು. ಜಾತಿ ಬಿಟ್ಟು ಬರುವವರಿಗೆ ಹೊಲ, ಕೆಲಸ, ಮನೆ ಇರುವ ಒಂದು ಹೊಸ ವಸಾಹತು ಕಟ್ಟುವುದು ಯೋಜನೆ.

ಜನ ಬರಲಿಲ್ಲ. ಕಾಲಜ್ಞಾನದವರು ತಮ್ಮ ನಿರೀಕ್ಷೆಯ ಗುರುವನ್ನು ಹುಡುಕುತ್ತಿದ್ದರೇ ಹೊರತು ಮೊಗ್ಲಿಂಗ್‌ರ ಕ್ರಿಸ್ತನನ್ನಲ್ಲ. ಕೆಲವರಿಗೆ ಕಂಪನಿ ಸರ್ಕಾರದ ಬಿಳಿಯರಿಂದ ಏನಾದರೂ ಅನುಕೂಲವಾದೀತು ಎಂಬ ಆಸೆಯೂ ಇದ್ದಿರಬಹುದು. ಮಾತುಕತೆ ಮುಂದುವರಿದಂತೆ ಎರಡೂ ಕಡೆಯವರಿಗೆ ತಾವು ಬೇರೆ ಬೇರೆ ವಿಷಯ ಮಾತಾಡುತ್ತಿದ್ದೇವೆ ಎಂದು ಗೊತ್ತಾಯಿತು. ವಸಾಹತಿನ ಕನಸು ಕುಸಿಯಿತು.

ಈ ಪ್ರಸಂಗವನ್ನು ಓದುವಾಗ ನನಗೆ ನಗು ಬರಲಿಲ್ಲ. ಮೊಗ್ಲಿಂಗ್ ಇಲ್ಲಿ ಯಾರಿಂದಲೂ ಮೋಸ ಹೋಗಲಿಲ್ಲ. ಎದುರಿಗಿದ್ದವರು ತಮ್ಮ ಗ್ರಂಥದ ಮಾತು ಹೇಳುತ್ತಿದ್ದರು. ಇವರು ಅದರಲ್ಲಿ ತಮಗೆ ಬೇಕಾದ್ದನ್ನು ಕೇಳಿಸಿಕೊಂಡರು. ಅಷ್ಟೇ ಆದದ್ದು. ಆದರೆ ಅದಕ್ಕೆ ಹಣ ಖರ್ಚಾಗಿತ್ತು, ಬಾಸೆಲ್ಲಿನಲ್ಲಿ ಸಾವಿರಾರು ಬಡ ದಾನಿಗಳ ಕಾಸಿನಿಂದ ನಡೆಯುವ ಸಮಿತಿಗೆ ಉತ್ತರ ಹೇಳಬೇಕಿತ್ತು. ಮಿಶನರಿಗಳು ತಮ್ಮ ಕೆಲಸದ ವರದಿಯನ್ನು ಕ್ರಮವಾಗಿ ಬರೆದು ಕಳಿಸುವುದು ಕಡ್ಡಾಯ. ಇಂಥ ವರದಿಯಲ್ಲಿ ತಪ್ಪು ಯಾರ ಮೇಲೆ ಹಾಕಬೇಕು? ಹವೆಯ ಮೇಲೆ, ಜಾತಿಯ ಮೇಲೆ, ಸೈತಾನನ ಮೇಲೆ, ಹೀಗೆ ದಾರಿಗಳು ಬೇಕಾದಷ್ಟಿದ್ದವು. ಅವರು ಬೆಳೆದುಬಂದ ಭಕ್ತಿಮಾರ್ಗ ಅದಕ್ಕೆ ಸುಲಭವಾಗಿ ಬಿಡುವಂಥದ್ದಲ್ಲ. ಮೊದಲು ನಿನ್ನನ್ನು ನೋಡಿಕೋ ಎನ್ನುವುದೇ ಅದರ ಮೊದಲ ಪಾಠ. ನಾನು ಕ್ರೈಸ್ತನಲ್ಲ. ಆದರೆ ನಮ್ಮ ಬೀದಿಯ ಗೆಳೆಯನ ಮನೆಯಲ್ಲಿ ಈಸ್ಟರ್ ಊಟಕ್ಕೆ ಹೋದಾಗಲೆಲ್ಲ ಪೇತ್ರನ ಕತೆ ಕೇಳಿದ್ದೇನೆ. ಕೋಳಿ ಕೂಗುವ ಮೊದಲು ಗುರುವನ್ನು ಮೂರು ಸಲ ಗೊತ್ತಿಲ್ಲ ಎಂದವನು ಅವನು. ಆಮೇಲೆ ಮಂದೆ ಕಾಯುವ ಹೊಣೆ ಸಿಕ್ಕಿದ್ದೂ ಅವನಿಗೇ. ನಡುವೆ ಅವನು ಅತ್ತದ್ದು ಮಾತ್ರ ಇದೆ, ಸಮಜಾಯಿಷಿ ಕೊಟ್ಟದ್ದು ಇಲ್ಲ. ಸೋಲನ್ನು ಒಪ್ಪಿಕೊಂಡವನಿಗೆ ಮತ್ತೆ ಕೆಲಸ ಸಿಗುತ್ತದೆ ಎಂಬ ಈ ನಂಬಿಕೆ ಇಲ್ಲದಿದ್ದರೆ ಮೊಗ್ಲಿಂಗ್ ಅಲ್ಲಿಂದಲೇ ಹಡಗು ಹತ್ತುತ್ತಿದ್ದರೋ ಏನೋ.

ಅವರು ಹಿಂತಿರುಗಿದ್ದು ಮಂಗಳೂರಿಗೆ. ಬಲ್ಮಠದ ಗುಡ್ಡದ ನೆಲೆ, ಹುಡುಗರಿಗೆ ಪಾಠ. ಅವರೂ ಅವರ ಬಂಧು ಮತ್ತು ಗೆಳೆಯ ಗಾಟ್‌ಫ್ರೀಡ್ ವೈಗ್ಲೆಯೂ ವಿದ್ಯಾರ್ಥಿಗಳ ಜೊತೆಗೇ ಇದ್ದು ಅವರ ಊಟವನ್ನೇ ಉಣ್ಣುವ ಪ್ರಯೋಗ ಮಾಡಿದರು. 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವೂ ಬಂದಿತ್ತು.

ಕಲ್ಲಚ್ಚು ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಈ ನೆಪದಲ್ಲಿ ತಿಳಿಯಿತು, ಹೇಳದೆ ಇರಲಾರೆ. ಮೊದಲು ಜಿಡ್ಡಿನ ಶಾಯಿಯಿಂದ ಇಡೀ ಪುಟವನ್ನು ಕೈಯಲ್ಲೇ ಬರೆಯಬೇಕು. ಅದನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಒತ್ತಿದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಅಂಟುತ್ತದೆ. ಕಲ್ಲಿಗೆ ನೀರು ಸವರಿದಾಗ ಖಾಲಿ ಜಾಗ ಒದ್ದೆಯಾಗುತ್ತದೆ, ಜಿಡ್ಡಿನ ಅಕ್ಷರ ಒದ್ದೆಯಾಗುವುದಿಲ್ಲ. ಆಮೇಲೆ ಮಸಿಯ ಉರುಳೆ ಆಡಿಸಿದರೆ ಮಸಿ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎನ್ನುವ ಅಡುಗೆಮನೆಯ ಸತ್ಯದ ಮೇಲೆ ನಿಂತ ತಂತ್ರ. ಒಂದೊಂದು ಹಾಳೆಗೂ ಮತ್ತೆ ನೀರು, ಮತ್ತೆ ಮಸಿ. ಮಳೆಗಾಲದ ಮಂಗಳೂರಿನಲ್ಲಿ ಕಾಗದ ಒಣಗುವುದನ್ನು ಕಾಯುತ್ತ ಕೂತವರ ತಾಳ್ಮೆಯನ್ನು ನೆನೆಸಿಕೊಳ್ಳಿ.

ಹೀಗೆ ಬಂತು ‘ಮಂಗಳೂರ ಸಮಾಚಾರ’. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ. ಊರಿನ ಸುದ್ದಿ, ಸರ್ಕಾರದ ಕಾನೂನು, ದೂರದೇಶದ ವರ್ತಮಾನ, ಕತೆ. ಅಲ್ಲಿಯವರೆಗೆ ಊರಿನ ಸುದ್ದಿ ಹುಟ್ಟುತ್ತಿದ್ದದ್ದು ಮತ್ತು ಸಾಯುತ್ತಿದ್ದದ್ದು ಬಂದರಿನ ಅಂಗಡಿ ಮುಂಗಟ್ಟಿನಲ್ಲಿ. ಮಂಜಿಯವನು ಹೇಳಿದ್ದು ದಲ್ಲಾಳಿಯ ಬಾಯಲ್ಲಿ ಬೆಳೆದು ಕಚೇರಿ ತಲುಪುವಾಗ ಬೇರೆಯೇ ಆಗಿರುತ್ತಿತ್ತು (ಈಗಲೂ ಹಾಗೆಯೇ, ವಾಟ್ಸ್‌ಆ್ಯಪ್ ಬಂದಿದೆ ಅಷ್ಟೇ). ಸುದ್ದಿಯನ್ನು ಕನ್ನಡದಲ್ಲಿ ಬರೆದು, ಹಣ ಕೊಟ್ಟವರಿಗೆಲ್ಲ ಒಂದೇ ರೂಪದಲ್ಲಿ ಕೊಡಬಹುದು ಎಂಬುದೇ ಹೊಸತು.

1844ರ ಫೆಬ್ರವರಿಯ ಸಂಚಿಕೆಯ ನಂತರ ಅದು ಇಲ್ಲಿ ನಿಂತಿತು. ಮಾರ್ಚಿನಿಂದ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು. ಅಲ್ಲಿ ಅಚ್ಚುಮೊಳೆಯ ಮುದ್ರಣವಿತ್ತು, ಹೆಚ್ಚು ಊರುಗಳಿಗೆ ತಲುಪಿಸುವ ಆಸೆಯಿತ್ತು. ಅಲ್ಲಿಯೂ ಅದು ಬಹುಕಾಲ ಬಾಳಲಿಲ್ಲ. ಅದೇ 1844ರ ಆರಂಭದಲ್ಲಿ ಮಂಗಳೂರಿನಲ್ಲಿ ಬೇರೆ ಬಿರುಗಾಳಿ. ಮಿಶನ್ ಶಾಲೆಯ ಮೂವರು ಬ್ರಾಹ್ಮಣ ವಿದ್ಯಾರ್ಥಿಗಳು ಜನವರಿಯಲ್ಲಿ ಕ್ರೈಸ್ತರಾದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಊರಿನಲ್ಲಿ ಗದ್ದಲ ಎದ್ದಿತು, ಮನೆಗಳು ಒಡೆದವು. ಮಗನನ್ನು ಕಳೆದುಕೊಂಡೆವೆಂದು ಅತ್ತವರ ದುಃಖವನ್ನು ಮೊಗ್ಲಿಂಗ್‌ರ ಗೆಲುವಿನ ಲೆಕ್ಕದಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಕೌಂಡಿನ್ಯರನ್ನು ಮೊಗ್ಲಿಂಗ್ ಮಗನಂತೆ ಕಂಡರು, 1846ರಲ್ಲಿ ಯುರೋಪಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋದರು. ಬಾಸೆಲ್ಲಿನಲ್ಲಿ ಓದಿ 1851ರಲ್ಲಿ ಬೋಧಕ ದೀಕ್ಷೆ ಪಡೆದು ಕೌಂಡಿನ್ಯ ತಿರುಗಿ ಬಂದರು.

ಈಗ ನನಗೆ ಮುಖ್ಯವೆನಿಸುವ ಭಾಗಕ್ಕೆ ಬರುತ್ತೇನೆ. ಯುರೋಪಿನಿಂದ ಮರಳಿದ ಮೊಗ್ಲಿಂಗ್ 1848ರಿಂದ ಒಂದು ಕೆಲಸಕ್ಕೆ ಕೈಹಾಕಿದರು: ಕನ್ನಡದ ಹಳೆಯ ಕಾವ್ಯಗಳನ್ನು ಹುಡುಕಿ, ಓಲೆಗರಿ ಮತ್ತು ಕೈಬರಹದ ಪ್ರತಿಗಳಿಂದ ಸಂಪಾದಿಸಿ, ಅದೇ ಕಲ್ಲಚ್ಚಿನಲ್ಲಿ ಮುದ್ರಿಸುವುದು. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂದು ಮಾಲೆಯ ಹೆಸರು. ಜೈಮಿನಿ ಭಾರತ ಬಂತು. ಬಸವಪುರಾಣ ಬಂತು. 1850ರಲ್ಲಿ ದಾಸರ ಪದಗಳ ಸಂಗ್ರಹ ಬಂತು. ಹಣ ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಒಬ್ಬ ಕ್ರೈಸ್ತ ಮಿಶನರಿ, ಕೃಷ್ಣನ ಲೀಲೆಯನ್ನೂ ಬಸವಣ್ಣನ ಮಹಿಮೆಯನ್ನೂ ವಿಠಲನ ಹಾಡುಗಳನ್ನೂ ತನ್ನ ಯಂತ್ರದಲ್ಲಿ ಅಚ್ಚು ಹಾಕಿಸುತ್ತಿದ್ದಾರೆ! ಹಾಗೆಂದು ಅವರು ಆ ಮತಗಳಿಗೆ ಮನಸೋತವರಲ್ಲ. ಕೊನೆಯವರೆಗೂ ಮತಪ್ರಚಾರಕರೇ. ಓದುವ ಹುಡುಗರಿಗೆ ಒಳ್ಳೆಯ ಕನ್ನಡ ಬೇಕು, ಈ ಜನ ಏನನ್ನು ನಂಬುತ್ತಾರೆಂದು ಮಿಶನರಿಗಳಿಗೆ ಗೊತ್ತಿರಬೇಕು ಎಂಬುದು ಅವರ ಲೆಕ್ಕ.

ಆದರೂ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಒಂದು ಗೆರೆ ಕಾಣುತ್ತದೆ. 1841ರಲ್ಲಿ ಬೇರೆಯವರ ಗ್ರಂಥದಲ್ಲಿ ತನ್ನದೇ ದನಿ ಕೇಳಿಸಿಕೊಂಡು ಬಿದ್ದ ಮನುಷ್ಯ, 1848ರ ಹೊತ್ತಿಗೆ ಬೇರೆಯವರ ಗ್ರಂಥವನ್ನು ಅದು ಇರುವ ಹಾಗೆಯೇ ಅಚ್ಚು ಹಾಕುತ್ತಿದ್ದ. ಇದು ಮಲ್ಲಸಮುದ್ರದ ಪಾಠ ಎಂದು ನಾನು ಓದಿಕೊಂಡಿದ್ದೇನೆ, ಇತಿಹಾಸಕಾರರು ಒಪ್ಪದೆಯೂ ಇರಬಹುದು. ಮುಂದೆ 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ನಿಘಂಟನ್ನು ತಿರುವಿದರೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳ ಉದಾಹರಣೆಗಳು ಸಿಗುತ್ತವೆ. ಕಿಟೆಲ್ ಈ ದೇಶಕ್ಕೆ ಬಂದದ್ದು 1853ರಲ್ಲಿ. ಆ ಹೊತ್ತಿಗೆ ಅವರ ಬಳಕೆಗೆ ಈ ಪುಸ್ತಕಗಳು ಅಚ್ಚಾಗಿ ಕೂತಿದ್ದವು.

1852ರ ಕೊನೆಗೆ ಮೊಗ್ಲಿಂಗ್ ಆರೋಗ್ಯ ಕೆಟ್ಟು ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದರು. ಆಗ ಕೊಡಗಿನಿಂದ ಅಲ್ಮಂಡ ಸೋಮಯ್ಯ ಎಂಬ ಸನ್ಯಾಸಿ ಹುಡುಕಿಕೊಂಡು ಬಂದರು. ಸತ್ಯ ತಿಳಿಯಬೇಕು, ನಮ್ಮ ನಾಡಿಗೆ ಬನ್ನಿ ಎಂಬ ಕರೆ. ಯೋಚಿಸಿ ನೋಡಿ: ಹನ್ನೊಂದು ವರ್ಷದ ಹಿಂದೆ ಇಂಥದೇ ಕರೆ ನಂಬಿ ಕೈಸುಟ್ಟುಕೊಂಡವರಿಗೆ ಮತ್ತೆ ಅದೇ ಪರೀಕ್ಷೆ. ಸಂಸ್ಥೆಯ ಯೋಜನೆಯಲ್ಲಿ ಕೊಡಗು ಇರಲಿಲ್ಲ. ಅವರು ತಮ್ಮ ಹೊಣೆಯಲ್ಲೇ ಹೊರಟುಬಿಟ್ಟರು. ಸೋಲಿನಿಂದ ಬುದ್ಧಿ ಬರುವುದೆಂದರೆ ಇನ್ನು ಯಾರನ್ನೂ ನಂಬದಿರುವುದು ಎಂದುಕೊಂಡಿದ್ದ ನನಗೆ ಈ ಭಾಗ ಓದಿ ಸ್ವಲ್ಪ ಗೊಂದಲವಾಯಿತು.

ಕೊಡಗಿನಲ್ಲೂ ಎಣಿಸಿದಂತೆ ನಡೆಯಲಿಲ್ಲ. ಸೋಮಯ್ಯ ಸ್ತೆಫಾನ ಎಂಬ ಹೆಸರಿನಲ್ಲಿ ಕ್ರೈಸ್ತರಾದರು. ಆದರೆ ಅವರ ಹಿಂದೆ ಕೊಡವ ಮನೆತನಗಳು ಬರಲಿಲ್ಲ. ಬಂದವರು ಯಾರು? ಆ ಮನೆತನಗಳ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತದಲ್ಲಿದ್ದ ಹೊಲೆಯರು. ಮೊಗ್ಲಿಂಗ್ ಒಡೆಯರನ್ನು ಕಾಯುತ್ತಿದ್ದರು, ಆಳುಗಳು ಬಾಗಿಲು ತಟ್ಟಿದರು. ಈ ಸಲ ಅವರು ಬಂದವರನ್ನೇ ನೋಡಿದರು. ಸಿದ್ದಾಪುರದ ಕಡೆ ಕಾಡು ಕಡಿದು ಕಾಫಿ, ಭತ್ತ ಬೆಳೆದು ಆನಂದಪುರ ಎಂಬ ಊರು ಕಟ್ಟಿದರು. ಮಲ್ಲಸಮುದ್ರದಲ್ಲಿ ಜನರಿಲ್ಲದೆ ಬಿದ್ದುಹೋದ ವಸಾಹತು ಇಲ್ಲಿ ಜನರು ಮೊದಲು ಬಂದು ಆಮೇಲೆ ಎದ್ದಿತು. ಆ ಊರು ಇವತ್ತಿಗೂ ಇದೆ.

ಇದೇ ವರ್ಷಗಳಲ್ಲಿ ಗೆಳೆಯ ವೈಗ್ಲೆ ತೀರಿಕೊಂಡರು, 1855ರಲ್ಲಿ. ಅವರ ಪತ್ನಿ ಪೌಲೀನಾರನ್ನು ಮೊಗ್ಲಿಂಗ್ ಮುಂದೆ ಮದುವೆಯಾದರು. ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮೊಯರ್ಸ್’ ಬರೆದರು, ರಾಜರ ಚರಿತ್ರೆ ‘ರಾಜೇಂದ್ರನಾಮೆ’ಯನ್ನು ಅಚ್ಚಿಗೆ ತಂದರು. 1858ರಲ್ಲಿ ಟ್ಯುಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಎರಡು ವರ್ಷದಲ್ಲಿ ಪತ್ನಿಯ ಕಾಯಿಲೆ ಜೋರಾಗಿ 1860ರಲ್ಲಿ ಭಾರತ ಬಿಡಬೇಕಾಯಿತು. ಮತ್ತೆ ಬರಲಿಲ್ಲ.

ಮತಾಂತರದ ತಲೆಯೆಣಿಕೆಯಿಂದ ಅಳೆದರೆ ಇಪ್ಪತ್ತನಾಲ್ಕು ವರ್ಷದ ದುಡಿಮೆಗೆ ಸಿಕ್ಕದ್ದು ಬಹಳ ಕಡಿಮೆ. ಪತ್ರಿಕೆ ನಿಂತಿತ್ತು. ಕಾಲಜ್ಞಾನದವರು ಚದುರಿದ್ದರು. ಜರ್ಮನಿಯ ಎಸ್ಲಿಂಗೆನ್ ಊರಿನಲ್ಲಿ ಕೂತು ಅವರು ಏನು ಮಾಡಿದರು ಗೊತ್ತೇ? ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು, ಅವು ಅಲ್ಲಿನ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚಾದವು. ಜೈಮಿನಿ ಭಾರತದ ಭಾಗಗಳನ್ನೂ ಅನುವಾದಿಸಿದರು. 1881ರ ಮೇ 10ರಂದು ಅಲ್ಲಿಯೇ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಬರೆದವರು ಹಳೆಯ ಸಹಪಾಠಿ ಗುಂಡರ್ಟ್.

ನಮ್ಮ ವಾಹಿನಿಯ ಕತೆಗೆ ಬಂದರೆ, ಒಂದು ವಿಷಯ ನಾನು ಮೇಲೆ ಹೇಳಲಿಲ್ಲ. ಹಳೆ ಬಂದರು ಸಾಯುತ್ತಿದೆ ಎಂದು ನಾವು ಮೊದಲೇ ಬರೆದಿಟ್ಟುಕೊಂಡು ದಕ್ಕೆಗೆ ಹೋಗಿದ್ದೆವು. ಸಿಕ್ಕವರ ಬಾಯಿಂದ ಅದನ್ನೇ ಹೇಳಿಸಿದೆವು. ಲಕ್ಷದ್ವೀಪಕ್ಕೆ ಮಂಜಿಯಲ್ಲಿ ಮೂವತ್ತು ವರ್ಷ ಹೋಗಿಬಂದ ಒಬ್ಬ ಮುದುಕರು ಮಾತ್ರ ಬಂದರಿನ ಬಗ್ಗೆ ಮಾತೇ ಆಡದೆ, ಗಾಳಿಯ ಹೆಸರುಗಳನ್ನು, ಯಾವ ತಿಂಗಳು ಯಾವ ಗಾಳಿ ಹೇಗೆ ತಿರುಗುತ್ತದೆ ಎಂಬುದನ್ನು ಬ್ಯಾರಿ ಭಾಷೆಯಲ್ಲಿ ಹೇಳುತ್ತಲೇ ಇದ್ದರು. ಉಪಯೋಗಕ್ಕೆ ಬರುವುದಿಲ್ಲವೆಂದು ಅದನ್ನು ಪೂರ್ತಿ ಕತ್ತರಿಸಿದವನು ನಾನೇ. ಈ ಮಾತನ್ನು ಹೋದ ವಾರ ಬೆಂಗಳೂರಿನ ಗೆಳೆಯನಿಗೆ ಬರೆದು ಕಳಿಸಿದೆ.

ಮೂಲ ರೆಕಾರ್ಡಿಂಗ್ ಇನ್ನೂ ನನ್ನ ಬಳಿ ಇದೆ, ನಲವತ್ತೇಳು ನಿಮಿಷ. ಭಾನುವಾರ ಪೂರ್ತಿ ಕೇಳಿದೆ. ಅರ್ಧದಷ್ಟು ಗಾಳಿಯ ಹೆಸರುಗಳು ನನಗೆ ಅರ್ಥವಾಗಲಿಲ್ಲ. ನಾಳೆ ದಕ್ಕೆಗೆ ಹೋಗಿ ಅವರನ್ನೇ ಕೇಳಬೇಕು.